ಬಾಳೆನಾರು ಹಿಡಿದು ಮಾಡಿದ ಮಂಗನ ಕಾಯಿಲೆಯ ಪಾಠ: ನನ್ನ ಅನುಭವ

ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ಇಂಟರ್‌ಫೆರಾನ್‌ಗೆ ಸಿಕ್ಕಿರುವುದು ಒಂದೇ ವಾಕ್ಯ. ವೈರಸ್ ಹೊಕ್ಕ ಜೀವಕೋಶ ಇದನ್ನು ಹೊರಗೆ ಬಿಡುತ್ತದೆ, ಸೋಂಕು ತಗುಲದ ಕೋಶಗಳು ಬಚಾವಾಗುತ್ತವೆ. ಅಷ್ಟೇ. ಇಷ್ಟು ಒಳ್ಳೆ ವ್ಯವಸ್ಥೆ ಹುಟ್ಟಿನಿಂದಲೇ ಇದ್ದ ಮೇಲೆ ಕಾಯಿಲೆ ಯಾಕೆ ಬರಬೇಕು ಅಂತ ಮಕ್ಕಳು ಕೇಳುತ್ತಾರೆ. ಕೇಳಲೇಬೇಕು ಅಲ್ವಾ? ನಾನು ಪಾಠ ಮಾಡುವುದು ಸಾಗರ ತಾಲ್ಲೂಕಿನ ಮಕ್ಕಳಿಗೆ. 2019ರಲ್ಲಿ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಎಷ್ಟು ಜನರನ್ನು ಮಲಗಿಸಿತು ಅಂತ ಅವರ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಹಾಗಾಗಿ ಆ ಒಂದು ವಾಕ್ಯಕ್ಕೆ ನಾನು ಇಡೀ ಪೀರಿಯಡ್ ಕೊಡುತ್ತೇನೆ.

ಶುರು ಮಾಡುವುದು 1957ರಿಂದ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಉಣುಗು ಕಚ್ಚಿ ಹರಡುವ ಈ ಕಾಯಿಲೆಯ ವೈರಸ್ ಪತ್ತೆಯಾಯಿತು. ಅದೇ ವರ್ಷ ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇಂಟರ್‌ಫೆರಾನ್ ಕಂಡುಹಿಡಿದರು. ಇದನ್ನು ಹೇಳಿದ ಕೂಡಲೇ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಆಮೇಲೆ ಆಟ. ಒಂದೊಂದು ಬೆಂಚು ಒಂದೊಂದು ಜೀವಕೋಶ. ಪ್ರತಿ ಬೆಂಚಿನಲ್ಲಿ ಒಬ್ಬರು ಕಣ್ಣು ಮುಚ್ಚಿ ಕೈ ಚಾಚಿ ಕೂರಬೇಕು. ಅವರು ರಿಗ್-ಐ, ಅಂದರೆ ಕೋಶದೊಳಗಿನ ಕಾವಲು ಪ್ರೋಟೀನ್. ಹೂ ಕಟ್ಟುವ ಬಾಳೆನಾರನ್ನು ಸೀಳಿ ಅವರ ಕೈಗೆ ಕೊಡುತ್ತೇನೆ. ನಾರು ಅಂದರೆ ಆರ್‌ಎನ್‌ಎ, ಜೀನ್ ಸಂದೇಶ ಹೊತ್ತ ಎಳೆ. ಒಂಟಿ ಎಳೆಯಾದರೆ ನಮ್ಮದೇ ಆರ್‌ಎನ್‌ಎ, ಸುಮ್ನೆ ಬಿಡಬೇಕು. ಎರಡು ಎಳೆ ಹೊಸೆದಿದ್ದರೆ ವೈರಸ್‌ನದ್ದು. ಈ ವೈರಸ್ ತನ್ನ ಆರ್‌ಎನ್‌ಎ ನಕಲು ಮಾಡುವಾಗ ಜೋಡಿ ಎಳೆ ಆಗೇ ಆಗುತ್ತದೆ, ನಮ್ಮ ಕೋಶದಲ್ಲಿ ಅಂಥ ಉದ್ದನೆಯ ಜೋಡಿ ಎಳೆ ಓಡಾಡುವುದಿಲ್ಲ. ಬೆರಳಿಗೆ ಹೊಸೆದ ನಾರು ಸಿಕ್ಕರೆ ಪಕ್ಕದ ಬೆಂಚುಗಳಿಗೆ ಕೆಂಪು ಚೀಟಿ ಹೋಗಬೇಕು. ಆ ಚೀಟಿಯೇ ಇಂಟರ್‌ಫೆರಾನ್. ಚೀಟಿ ಬಂದ ಬೆಂಚಿನವರು ಪುಸ್ತಕ ಮುಚ್ಚುತ್ತಾರೆ. ನಿಜದಲ್ಲಿ ನೂರಾರು ಜೀನ್‌ಗಳು ಎಚ್ಚೆತ್ತು, ಆ ಕೋಶದಲ್ಲಿ ವೈರಸ್‌ಗೆ ಬೇಕಾದ ಕೆಲಸಗಳಿಗೆ ತಡೆ ಬೀಳುತ್ತದೆ.

ಮೊದಲ ಸುತ್ತಿನಲ್ಲಿ ವೈರಸ್ ಸೋಲುತ್ತದೆ. ಎರಡನೇ ಸುತ್ತಿಗೆ ಹೊಸೆದ ನಾರನ್ನು ಅಡಿಕೆ ಹಾಳೆಯ ತುಂಡಿನಲ್ಲಿ ಸುತ್ತಿ ಕೊಡುತ್ತೇನೆ. ಕಾವಲಿನ ಹುಡುಗಿ ತಡವುತ್ತಾಳೆ, ಹಾಳೆ ಮಾತ್ರ ಸಿಗುತ್ತದೆ, ಚೀಟಿ ಹೋಗುವುದಿಲ್ಲ. ಡೆಂಗಿ, ಮಂಗನ ಕಾಯಿಲೆ ಎರಡೂ ಫ್ಲೇವಿವೈರಸ್ ಗುಂಪಿನವು. ಈ ಗುಂಪಿನ ವೈರಸ್‌ಗಳು ಕೋಶದೊಳಗಿನ ಪೊರೆಜಾಲದ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್) ಪೊರೆಯನ್ನೇ ಒಳಕ್ಕೆ ಒತ್ತಿ ಪುಟ್ಟ ಚೀಲ ಮಾಡಿಕೊಂಡು, ಅದರೊಳಗೆ ಕೂತು ನಕಲು ಮಾಡುತ್ತವೆ. ಹೊರಬರುವ ಆರ್‌ಎನ್‌ಎ ತುದಿಗೆ ನಮ್ಮದರಂಥದ್ದೇ ರಾಸಾಯನಿಕ ಗುರುತು ಹಾಕುತ್ತವೆ.

ಮೂರನೇ ಸುತ್ತು ನನಗೆ ಜಾಸ್ತಿ ಇಷ್ಟ. ಈಗ ಚೀಟಿ ಹೋಗುತ್ತದೆ, ಆದರೆ ಇಸಿದುಕೊಳ್ಳುವ ಕೈಗಳನ್ನು ಒಬ್ಬ ಹುಡುಗ ಬೆಂಚಿನ ಕೆಳಗೇ ಹಿಡಿದಿಟ್ಟಿರುತ್ತಾನೆ. ಅವನು ಎನ್‌ಎಸ್-5, ವೈರಸ್‌ನದೇ ಒಂದು ಪ್ರೋಟೀನ್. ಉಣುಗಿನಿಂದ ಹರಡುವ ಹತ್ತಿರದ ಸಂಬಂಧಿ ವೈರಸ್‌ಗಳಲ್ಲಿ ಈ ಪ್ರೋಟೀನು ಇಂಟರ್‌ಫೆರಾನ್ ಗ್ರಾಹಕವನ್ನು, ಅಂದರೆ ಇಸಿದುಕೊಳ್ಳುವ ಕೈಯನ್ನು, ಕೋಶದ ಮೇಲ್ಮೈಗೆ ಬರಲು ಬಿಡುವುದಿಲ್ಲ. ಮಂಗನ ಕಾಯಿಲೆ ವೈರಸ್‌ನಲ್ಲೂ ಇಂಟರ್‌ಫೆರಾನ್ ದಾರಿ ಮುಚ್ಚುವುದು ಮುಖ್ಯವಾಗಿ ಎನ್‌ಎಸ್-5 ಅಂತ ಪ್ರಯೋಗಾಲಯದ ಕೋಶಗಳಲ್ಲಿ ನೋಡಿದ್ದಾರೆ. ಆರ್‌ಎನ್‌ಎ ನಕಲು ಮಾಡುವುದೂ, ತುದಿಗೆ ಗುರುತು ಹಾಕುವುದೂ ಇದೇ ಪ್ರೋಟೀನು. ವೈರಸ್ ಹತ್ತಿರ ಇರುವುದು ಸುಮಾರು 11 ಸಾವಿರ ಅಕ್ಷರಗಳ ಜೀನೋಮ್, ಅಂದರೆ ಪೂರ್ತಿ ಆನುವಂಶಿಕ ಬರಹ, ಅದರಿಂದ 10 ಪ್ರೋಟೀನ್. ನಮ್ಮದು 300 ಕೋಟಿ ಅಕ್ಷರ. ಇಷ್ಟು ಕಡಿಮೆ ಬಂಡವಾಳ ಇದ್ದಾಗ ಒಂದೊಂದು ಪ್ರೋಟೀನೂ ಮೂರು ನಾಲ್ಕು ಕೆಲಸ ಮಾಡಲೇಬೇಕು. ಪರೀಕ್ಷೆಗೆ ಬರದಿದ್ದರೂ ಇದನ್ನು ಹೇಳದೆ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ.

ಒಂದು ವರ್ಷ ತೋಟದ ಮನೆಯ ಹುಡುಗನೊಬ್ಬ ಕೇಳಿದ: "ಸರ್, ಎಚ್ಚರಿಕೆನೇ ಹೋಗದಿದ್ರೆ ಜ್ವರ ಹೇಗೆ ಬರುತ್ತೆ?" ಅದ್ಭುತ ಪ್ರಶ್ನೆ. ವೈರಸ್ ಕೋಶಗಳ ಬಾಯಿ ಪೂರ್ತಿ ಮುಚ್ಚಿಸಲಾರದು, ತಡ ಮಾಡಿಸುತ್ತದೆ. ಸೋಂಕು ತಗುಲದ ರಕ್ಷಣಾ ಕೋಶಗಳು ಹೊರಗಿನಿಂದ ಸುಳಿವು ಹಿಡಿದು ಕೂಗೆಬ್ಬಿಸುತ್ತವೆ. ಆ ಕೂಗೇ ಜ್ವರ, ಮೈಕೈ ನೋವು. ಅಷ್ಟರಲ್ಲಿ ವೈರಸ್ ರಕ್ತಕ್ಕೆ ಇಳಿದಿರುತ್ತದೆ. ಆಮೇಲೆ ಪ್ರತಿಕಾಯಗಳು ತಯಾರಾಗಿ ಹೆಚ್ಚಿನವರು ಗುಣವಾಗುತ್ತಾರೆ. ಆದರೆ ಈ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಉಳಿಯುವುದಿಲ್ಲ.

ಇಲ್ಲಿಂದ ಉಣುಗು ಕಚ್ಚುವ ಚರ್ಮಕ್ಕೆ ಬರುತ್ತೇನೆ. ಉಣುಗಿನ ಎಂಜಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಕಚ್ಚಿದ ಜಾಗದ ರಕ್ಷಣೆಯನ್ನೂ ಮಂಕು ಮಾಡುತ್ತದೆ. ಎಷ್ಟೋ ಸಲ ತುರಿಕೆ ಕೂಡ ಬರಲ್ಲ. ಅದರಲ್ಲೂ ಮರಿ ಉಣುಗು ಎಳ್ಳಿಗಿಂತ ಸಣ್ಣದು. ಕೊಟ್ಟಿಗೆಗೆ ದರಗು ತರಲು ಹೋದವರು ಉಣುಗು ಹತ್ತದಂತೆ ತಡೆಯುವ ಎಣ್ಣೆ ಯಾಕೆ ಹಚ್ಚಬೇಕು, ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಮೈಯೆಲ್ಲ ಯಾಕೆ ನೋಡಿಕೊಳ್ಳಬೇಕು ಅಂತ ಆಗ ಮಕ್ಕಳಿಗೇ ಹೊಳೆಯುತ್ತದೆ. ಮನೆಯಲ್ಲಿ ಹಿರಿಯರಿಗೆ ಹೇಳಿ ಅನ್ನುತ್ತೇನೆ. ಡಿಸೆಂಬರ್‌ನಿಂದ ಮೇವರೆಗೆ ಕಾಯಿಲೆಯ ಕಾಲ, ಹಾಗಾಗಿ ಈ ಪಾಠವನ್ನು ನವೆಂಬರ್ ಒಳಗೇ ಮುಗಿಸುತ್ತೇನೆ.

ಮಾಡುವ ಮೇಷ್ಟ್ರುಗಳಿಗೆ ಒಂದು ಮಾತು: ನಾರನ್ನು ಹಿಂದಿನ ರಾತ್ರಿ ನೆನೆಸಿಡಿ. ಒಣ ನಾರು ಹೊಸೆಯುವಾಗ ತುಂಡಾಗುತ್ತದೆ.