ಹಾರ್ಡ್ ಡಿಸ್ಕ್ ಇಲ್ಲದ 40 ಕಂಪ್ಯೂಟರ್: ನಮ್ಮ ಎಂಸಿಎ ಲ್ಯಾಬ್ ಮತ್ತೆ ಓಡಿದ್ದು ಹೀಗೆ

"ನಲವತ್ತೂ ಮಷಿನ್ ಒಟ್ಟಿಗೆ ಆನ್ ಮಾಡಿ ಸರ್, ನಿಮ್ಮ ಸರ್ವರ್ ಮಲಗುತ್ತೆ" ಅಂದವರೇ ಜಾಸ್ತಿ, ಡಿಸ್ಕ್ ಇಲ್ಲದ ಮಷಿನ್‌ಗಳನ್ನು ಒಂದೇ ಸರ್ವರ್‌ನಿಂದ ಓಡಿಸುತ್ತೇನೆ ಅಂದಾಗ. ಈಗ ವರ್ಷವಾಗುತ್ತ ಬಂತು. ಪ್ರಾಕ್ಟಿಕಲ್ ಪರೀಕ್ಷೆಯೂ ಇದರಲ್ಲೇ ನಡೆಯಿತು, ಯಾವ ಮಷಿನ್ನೂ ಮಧ್ಯದಲ್ಲಿ ಕೈಕೊಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನೆಟ್‌ವರ್ಕ್ ಬೂಟ್ ಅಂದರೆ ಮಷಿನ್ ತನ್ನ ಡಿಸ್ಕ್ ಬದಲು ಸರ್ವರ್‌ನಿಂದ ಆಪರೇಟಿಂಗ್ ಸಿಸ್ಟಂ ಎಳೆದುಕೊಂಡು ಶುರುವಾಗುವುದು, ಲ್ಯಾಬ್ ನೋಡಿಕೊಳ್ಳುವವರಿಗೆ ಅದು ಗೊತ್ತೇ ಇರುತ್ತದೆ.

ನಮ್ಮವು ಮೂರನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್. ಡಿಸ್ಕ್‌ಗಳು ಒಂದೊಂದಾಗಿ ಸಾಯುತ್ತಿದ್ದವು. ವಿಂಡೋಸ್ 11 ಇವಕ್ಕೆ ಆಗುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿಯಿತು. ಹೊಸದಕ್ಕೆ ಕೊಟೇಶನ್ ತರಿಸಿದರೆ ಒಂದಕ್ಕೆ 45 ಸಾವಿರದ ಹತ್ತಿರ, ಒಟ್ಟು 18 ಲಕ್ಷ. ಅಷ್ಟು ದುಡ್ಡು ವಿಭಾಗದಲ್ಲಿ ಇರಲಿಲ್ಲ.

ಹಾಗಾಗಿ ಎಲ್‌ಟಿಎಸ್‌ಪಿ ಹಿಡಿದೆ, ಒಂದೇ ಲಿನಕ್ಸ್ ಸರ್ವರ್‌ನಿಂದ ಇಡೀ ಲ್ಯಾಬ್ ಬೂಟ್ ಮಾಡಿಸುವ ತಂತ್ರಾಂಶ. 2019ರಲ್ಲಿ ಹೊಸದಾಗಿ ಬರೆದ ಆವೃತ್ತಿ. ಹಳೆಯದನ್ನು ನೋಡಿದವರು ಎಲ್ಲಾ ಪ್ರೋಗ್ರಾಂ ಸರ್ವರ್‌ನಲ್ಲೇ ಓಡುತ್ತದೆ ಅಂದುಕೊಂಡು ಹೆದರುತ್ತಾರೆ. ಇದರಲ್ಲಿ ಹಾಗಿಲ್ಲ. ನೆಟ್‌ವರ್ಕ್‌ನಿಂದ ಬರುವುದು ಇಮೇಜ್ (ಆಪರೇಟಿಂಗ್ ಸಿಸ್ಟಂ, ಪ್ರೋಗ್ರಾಂ ಎಲ್ಲಾ ತುಂಬಿದ ಒಂದು ದೊಡ್ಡ ಫೈಲ್) ಮಾತ್ರ, ಜಿಸಿಸಿ, ಜಾವಾ, ಪೈತಾನ್ ಎಲ್ಲಾ ಹುಡುಗರು ಕೂತ ಮಷಿನ್‌ನಲ್ಲೇ ಓಡುತ್ತವೆ. ಇಮೇಜ್ 5 ಜಿಬಿಯಷ್ಟು, ಸರ್ವರ್‌ನಲ್ಲಿ 32 ಜಿಬಿ ರ‍್ಯಾಮ್. ಒಂದು ಸಲ ಓದಿದರೆ ರ‍್ಯಾಮ್‌ನಲ್ಲೇ ಕೂರುತ್ತದೆ, ಆಮೇಲೆ ಡಿಸ್ಕ್‌ಗೆ ಕೆಲಸವೇ ಇಲ್ಲ.

ಆದರೂ ಮೊದಮೊದಲು ಕಾಟ ಕೊಟ್ಟಿತು. ಒಂದೇ ಮಷಿನ್ ಆದರೆ ಒಂದು ನಿಮಿಷದಲ್ಲಿ ಬೂಟ್. ಪೂರ್ತಿ ಬ್ಯಾಚ್ ಬಂದರೆ 20 ನಿಮಿಷ. ಎಲ್ಲರೂ ಸರ್ವರ್ ಕಡೆ ಬೆರಳು ತೋರಿಸಿದರು, ನಾನು ಕೂತು ಲೆಕ್ಕ ಹಾಕಿದೆ. ಲಾಗಿನ್ ಬರುವಷ್ಟರಲ್ಲಿ ಒಂದು ಮಷಿನ್ ಸುಮಾರು 300 ಎಂಬಿ ಎಳೆಯುತ್ತದೆ, ನಲವತ್ತಕ್ಕೆ 12 ಜಿಬಿ. ಲ್ಯಾಬಿನ ಹಳೆಯ ಸ್ವಿಚ್ 100 ಎಂಬಿಪಿಎಸ್‌ನದು, ಅದು ಬಿಟ್ ಲೆಕ್ಕ, ಬೈಟ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 11-12 ಎಂಬಿ, 12 ಜಿಬಿ ದಾಟಲು 17-18 ನಿಮಿಷ ಬೇಕೇ ಬೇಕು. ಗಿಗಾಬಿಟ್ ಸ್ವಿಚ್ ಹಾಕಿದ ಮೇಲೆ ಪೂರ್ತಿ ಲ್ಯಾಬ್ ಏಳಲು ಎರಡೂವರೆ ನಿಮಿಷ.

ಹೊಸ ಸ್ವಿಚ್ ಬಂತು, ಹೊಸ ತಲೆನೋವೂ ಬಂತು. ಅರ್ಧ ಮಷಿನ್‌ಗೆ ಐಪಿ (ನೆಟ್‌ವರ್ಕ್ ವಿಳಾಸ) ಸಿಗಲಿಲ್ಲ. ಕೇಬಲ್ ಬದಲಿಸಿದರೂ ಅಷ್ಟೇ, ಮತ್ತೆ ಕ್ರಿಂಪ್ ಮಾಡಿದರೂ ಅಷ್ಟೇ. ಬೀರುವಿನಲ್ಲಿದ್ದ 5 ಪೋರ್ಟ್‌ನ ಪುಟ್ಟ ಸ್ವಿಚ್ ಒಂದನ್ನು ಸುಮ್ನೆ ಮಧ್ಯದಲ್ಲಿ ಸಿಕ್ಕಿಸಿ ನೋಡಿದೆ, ಅದೇ ಮಷಿನ್ ಸಲೀಸಾಗಿ ಬೂಟ್ ಆಯಿತು! ಆಗ ಹೊಳೆಯಿತು. ದೊಡ್ಡ ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ (ಕೇಬಲ್ ಸುತ್ತು ಬಿದ್ದು ನೆಟ್‌ವರ್ಕ್ ಕೆಡದಂತೆ ತಡೆಯುವ ವ್ಯವಸ್ಥೆ) ಆನ್ ಇದೆ, ಲಿಂಕ್ ಬಂದ ಮೇಲೂ ಪೋರ್ಟ್ 30 ಸೆಕೆಂಡ್ ಡೇಟಾ ಬಿಡುವುದಿಲ್ಲ, ಅಷ್ಟರಲ್ಲಿ ನೆಟ್‌ವರ್ಕ್ ಕಾರ್ಡ್ ಕಾದು ಕಾದು ಕೈಚೆಲ್ಲುತ್ತದೆ. ಪುಟ್ಟ ಸ್ವಿಚ್ ಮಧ್ಯದಲ್ಲಿದ್ದರೆ ದೊಡ್ಡದರ ಲಿಂಕ್ ಮೊದಲೇ ಬಂದಿರುತ್ತದೆ, ಕಾಯುವ ಪ್ರಶ್ನೆಯೇ ಇಲ್ಲ. ಮಷಿನ್ ಇರುವ ಪೋರ್ಟ್‌ಗಳಿಗೆಲ್ಲ ಪೋರ್ಟ್‌ಫಾಸ್ಟ್ (ಆ ಕಾಯುವಿಕೆ ಬಿಡಿಸುವ ಸೆಟ್ಟಿಂಗ್) ಕೊಟ್ಟೆ, ಮುಗಿಯಿತು. ನೀವು ಈ ಕೆಲಸಕ್ಕೆ ಇಳಿದರೆ ಮೊದಲು ಇದನ್ನೇ ನೋಡಿ.

ಸಿಮೋಸ್ ಸೆಲ್ (ಮದರ್‌ಬೋರ್ಡ್‌ನ ಪುಟ್ಟ ಬ್ಯಾಟರಿ) ಸತ್ತ ಮಷಿನ್‌ಗಳು ಕರೆಂಟ್ ಹೋದಾಗಲೆಲ್ಲ ಬೂಟ್ ಆರ್ಡರ್, ಅಂದರೆ ಮೊದಲು ಯಾವುದರಿಂದ ಶುರುವಾಗಬೇಕು ಎಂಬುದನ್ನು, ಮರೆಯುತ್ತಿದ್ದವು. 30 ರೂಪಾಯಿಯ ಸೆಲ್, ಎಲ್ಲಕ್ಕೂ ಹಾಕಿಸಿಬಿಟ್ಟೆ.

ಹುಡುಗರ ಫೈಲ್ ಇರುವ ಹೋಮ್ ಫೋಲ್ಡರ್ ಸರ್ವರ್‌ನಿಂದ ತಾನಾಗಿ ಎಸ್‌ಎಸ್‌ಎಚ್‌ಎಫ್‌ಎಸ್ (ಗೂಢಲಿಪಿಯಲ್ಲಿ ಫೈಲ್ ಸಾಗಿಸುವ ದಾರಿ) ಮೇಲೆ ಬರುತ್ತದೆ. ಜಾವಾ ಬರೆಯುವ ಎಕ್ಲಿಪ್ಸ್ ತೆರೆದರೆ ತೆವಳುತ್ತಿತ್ತು, ಅದಕ್ಕಿಂತ ಹಗುರ ದಾರಿಯಾದ ಎನ್‌ಎಫ್‌ಎಸ್‌ಗೆ ಬದಲಿಸಿದೆ. ಬ್ರೌಸರ್ ಕ್ಯಾಶ್‌ಗೆ ಬೇರೆ ಉಪಾಯ ಮಾಡಿದ್ದೇವೆ. ಅದು ನಮ್ಮ ಹುಡುಗರ ಪ್ರಾಜೆಕ್ಟ್, ವೈವಾ ಮುಗಿಯುವವರೆಗೆ ಹೇಳುವಂತಿಲ್ಲ.

ನಡುವೆ ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಕೂಡ ಹಾಕಿ ನೋಡಿದೆ. ಚೆನ್ನಾಗಿಯೇ ಓಡಿತು. ಆದರೆ ಅದಕ್ಕಿರುವುದು ಮೈಕ್ರೋ ಎಚ್‌ಡಿಎಂಐ, ನಮ್ಮ ಮಾನಿಟರ್‌ಗಳು ವಿಜಿಎ. ಕನ್ವರ್ಟರ್, ಅಡಾಪ್ಟರ್, ಎಸ್‌ಡಿ ಕಾರ್ಡ್ ಎಲ್ಲಾ ಸೇರಿಸಿದರೆ ಲೆಕ್ಕ ಕೂಡಲಿಲ್ಲ, ಬಿಟ್ಟೆ.

ಎಪಾಪ್ಟಿಸ್ ಎಂಬ ಲ್ಯಾಬ್ ನಿಗಾ ತಂತ್ರಾಂಶ ಮಾತ್ರ ಹಾಕಲೇಬೇಕು. ನಲವತ್ತೂ ಸ್ಕ್ರೀನ್ ನನ್ನ ಮೇಜಿನ ಮೇಲೇ ಕಾಣುತ್ತವೆ, ನನ್ನ ಸ್ಕ್ರೀನ್ ಎಲ್ಲರಿಗೂ ಕಳಿಸಬಹುದು, ಪ್ರೊಜೆಕ್ಟರ್ ಬೇಕಿಲ್ಲ. ಪರೀಕ್ಷೆ ದಿನ ಸರ್ವರ್‌ನಲ್ಲಿ ನ್ಯಾಟ್‌ನ (ಸರ್ವರ್ ಮೂಲಕ ಮಷಿನ್‌ಗಳಿಗೆ ಇಂಟರ್ನೆಟ್ ದಾಟಿಸುವ ವ್ಯವಸ್ಥೆ) ಒಂದು ಸಾಲು ತೆಗೆದರೆ ಇಡೀ ಲ್ಯಾಬಿಗೆ ಇಂಟರ್ನೆಟ್ ಬಂದ್. ಹೊರಗಿನಿಂದ ಬಂದ ಪರೀಕ್ಷಕರು ಇದನ್ನು ನೋಡಿ ತಮ್ಮ ಕಾಲೇಜಿಗೂ ಮಾಡಿಕೊಡಿ ಅಂದರು.

ಖರ್ಚು? ಸರ್ವರ್ 75 ಸಾವಿರ, ಸ್ವಿಚ್ 28, ಸೆಕೆಂಡ್ ಹ್ಯಾಂಡ್ ರ‍್ಯಾಮ್ ಮಷಿನ್‌ಗೆ ಇನ್ನೊಂದು 4 ಜಿಬಿಯಂತೆ 20, ಕೇಬಲ್ ಮತ್ತು ಕನೆಕ್ಟರ್ 10, ಸೆಲ್‌ಗೆ ಸಾವಿರ ಚಿಲ್ಲರೆ. 1.35 ಲಕ್ಷದೊಳಗೆ ಆಯಿತು.

ಮೇಲಿನ ಮಹಡಿಯ ಲ್ಯಾಬಿನವು ಯುಇಎಫ್‌ಐ (ಹಳೆಯ ಬಯೋಸ್ ಜಾಗಕ್ಕೆ ಬಂದ ಹೊಸ ಬೂಟ್ ವ್ಯವಸ್ಥೆ) ಮಷಿನ್‌ಗಳು. ಅವುಗಳ ಬೂಟ್ ಫೈಲ್ ಬೇರೆ, ಸಹಿ ಇಲ್ಲದ ಬೂಟ್ ಫೈಲ್ ತಡೆಯುವ ಸೆಕ್ಯೂರ್ ಬೂಟನ್ನೂ ಆಫ್ ಮಾಡಬೇಕು. ದಸರಾ ರಜೆಯಲ್ಲಿ ಅದಕ್ಕೆ ಕೈ ಹಾಕುತ್ತೇನೆ.