ಜ್ವರಕ್ಕೆ 5 ಲಕ್ಷದ ಕಾರ್ಡ್ ನಡೆಯಲ್ಲ: ಹಾಗಾದರೆ ಕೊಡಗಿನಲ್ಲಿ ಎಲ್ಲಿಗೆ ಹೋಗಬೇಕು?

ಒಂದು ಸಲ ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ ಅಮ್ಮನಿಗೆ ಮೂರು ದಿನ ಜ್ವರ ಬಿಡಲೇ ಇಲ್ಲ. ಕರೆಂಟೂ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಪಕ್ಕದ ತೋಟದವರ ಜೀಪಿನಲ್ಲಿ ಪೇಟೆಯ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಇದು ಇಲ್ಲಿ ನಡೆಯಲ್ಲ ಅಣ್ಣಾ" ಅಂದಳು. ನಾನು ಜಗಳಕ್ಕೇ ನಿಂತೆ. ಸರ್ಕಾರದ ಕಾರ್ಡು, ನಡೆಯಲ್ಲ ಅಂದರೆ ಹೇಗೆ? ಆಮೇಲೆ ಗೊತ್ತಾಯಿತು, ಅವಳು ಹೇಳಿದ್ದೇ ಸರಿ.

ಹಾಗಾಗಿ ಮೊದಲು ಇದನ್ನು ತಿಳಿದುಕೊಳ್ಳಿ. ನಮ್ಮ ರಾಜ್ಯದಲ್ಲಿ ಆಯುಷ್ಮಾನ್ ಭಾರತ್ ಮತ್ತು ಆರೋಗ್ಯ ಕರ್ನಾಟಕ ಎರಡೂ 2018ರಲ್ಲಿ ಒಂದಾಗಿ ಒಂದೇ ಯೋಜನೆಯಾಗಿವೆ. ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಈ ಕಾರ್ಡ್ ಇರುವುದು ಆಸ್ಪತ್ರೆಗೆ ಸೇರಿ ಮಾಡಿಸಿಕೊಳ್ಳುವ ಚಿಕಿತ್ಸೆಗೆ, ಆಪರೇಷನ್ನಿಗೆ, ಡಯಾಲಿಸಿಸ್ ಥರದ್ದಕ್ಕೆ. ಶೀತ, ಜ್ವರ, ಕೆಮ್ಮು, ಬಿಪಿ ಮಾತ್ರೆ ಅಂತ ಖಾಸಗಿ ಡಾಕ್ಟರ ಹತ್ತಿರ ಹೋಗಿ ಕೂತರೆ ಅದಕ್ಕೆ ಒಂದು ರೂಪಾಯಿಯೂ ಬರಲ್ಲ. "ಈ ಕಾರ್ಡ್ ಯಾವ ಕ್ಲಿನಿಕ್ಕಿನಲ್ಲಿ ನಡೆಯುತ್ತೆ" ಅಂತ ಊರೂರು ಸುತ್ತಿದರೆ ಪೆಟ್ರೋಲು ದಂಡ, ಅಷ್ಟೆ.

ಸಣ್ಣಪುಟ್ಟ ಕಾಯಿಲೆಗೆ ಹೋಗಬೇಕಾದದ್ದು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅಂದರೆ ನಾವೆಲ್ಲ ಪಿಎಚ್‌ಸಿ ಅನ್ನುವುದಕ್ಕೆ. ಅಲ್ಲಿ ತೋರಿಸಿಕೊಳ್ಳಲು ಕಾರ್ಡೇ ಬೇಡ. ಎಪಿಎಲ್ ಬಿಪಿಎಲ್ ಅಂತ ಕೇಳುವುದೂ ಇಲ್ಲ.

ನಿಮ್ಮ ಪಿಎಚ್‌ಸಿ ಯಾವುದು ಅಂತ ಗೊತ್ತಿಲ್ಲದಿದ್ದರೆ ಗೂಗಲ್ ಮ್ಯಾಪ್ ನಂಬಬೇಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ. ಅವರು ಯಾರು ಅಂತಲೂ ಗೊತ್ತಿಲ್ಲವಾ? ಅಂಗನವಾಡಿಯಲ್ಲಿ ಕೇಳಿದರೆ ಹೇಳುತ್ತಾರೆ. ಗುಡ್ಡಗಾಡು ಪ್ರದೇಶದಲ್ಲಿ ಸುಮಾರು 20,000 ಜನರಿಗೆ ಒಂದು ಪಿಎಚ್‌ಸಿ, 3,000 ಜನರಿಗೆ ಒಂದು ಉಪಕೇಂದ್ರ ಇರಬೇಕು ಅನ್ನುವುದು ಲೆಕ್ಕ. ನಮ್ಮ ಜಿಲ್ಲೆಯಲ್ಲಿ ಭಾಗಮಂಡಲ, ಮೂರ್ನಾಡು, ಚೆಟ್ಟಳ್ಳಿ, ಸುಂಟಿಕೊಪ್ಪ ಹೀಗೆ ಹಲವು ಕಡೆ ಪಿಎಚ್‌ಸಿ ಇವೆ. ಅದಕ್ಕಿಂತ ದೊಡ್ಡದು ಸಮುದಾಯ ಆರೋಗ್ಯ ಕೇಂದ್ರ, ಗೋಣಿಕೊಪ್ಪ, ಶನಿವಾರಸಂತೆ, ಸಿದ್ದಾಪುರದಲ್ಲಿರುವಂಥದ್ದು. ಅದರ ಮೇಲೆ ವಿರಾಜಪೇಟೆ, ಸೋಮವಾರಪೇಟೆಯ ತಾಲ್ಲೂಕು ಆಸ್ಪತ್ರೆ. ಕೊನೆಗೆ ಮಡಿಕೇರಿಯ ದೊಡ್ಡಾಸ್ಪತ್ರೆ. ಈಗ ಅದು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಆದರೆ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ಎಲ್ಲರ ಬಾಯಲ್ಲೂ ದೊಡ್ಡಾಸ್ಪತ್ರೆಯೇ.

ಇನ್ನೊಂದು ಗೊಂದಲ ಇದೆ. ಹಳ್ಳಿಯ ಉಪಕೇಂದ್ರದ ಬೋರ್ಡಿನಲ್ಲಿ ಈಗ "ಆಯುಷ್ಮಾನ್ ಆರೋಗ್ಯ ಮಂದಿರ" ಅಂತ ಬರೆದಿರುತ್ತಾರೆ. ಅದನ್ನು ನೋಡಿ ಆಯುಷ್ಮಾನ್ ಕಾರ್ಡ್ ಇಲ್ಲದವರು ಒಳಗೆ ಹೋಗಲು ಹಿಂಜರಿಯುತ್ತಾರೆ. ಹೆಸರು ಒಂದೇ ಥರ ಇದೆ, ಅಷ್ಟೇ. ಯಾರು ಬೇಕಾದರೂ ಹೋಗಬಹುದು. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ, ಸಿಎಚ್‌ಓ ಅಂತಾರೆ. ಬಿಪಿ, ಶುಗರ್ ನೋಡುತ್ತಾರೆ, ಸಾಮಾನ್ಯ ಮಾತ್ರೆ ಕೊಡುತ್ತಾರೆ, ಸಿಗ್ನಲ್ ಇದ್ದ ದಿನ ಇ-ಸಂಜೀವಿನಿಯಲ್ಲಿ ದೂರದ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಿಸಿಯೂ ಕೊಡುತ್ತಾರೆ. ವಯಸ್ಸಾದವರನ್ನು ಬರೀ ಬಿಪಿ ನೋಡಿಸಲು ಎರಡು ಬಸ್ ಹತ್ತಿಸಿ ಮಡಿಕೇರಿಗೆ ಕರೆದೊಯ್ಯುವುದು ಯಾಕೆ ಬೇಕು, ಅಲ್ವಾ?

ಹೊರಡುವ ಮೊದಲು ಒಂದು ಫೋನ್ ಮಾಡಿ. ಡಾಕ್ಟರ್ ಇವತ್ತು ಇದ್ದಾರಾ, ಲ್ಯಾಬ್ ನಡೀತಿದೆಯಾ, ಈ ಎರಡನ್ನೂ ಬಿಡಿಬಿಡಿಯಾಗಿ ಕೇಳಿ. "ಆಸ್ಪತ್ರೆ ಓಪನ್ ಇದೆಯಾ" ಅಂತ ಕೇಳಿದರೆ "ಹೂಂ ಬನ್ನಿ" ಅಂತಾರೆ, ಹೋಗಿ ನೋಡಿದರೆ ಡಾಕ್ಟರು ಮೀಟಿಂಗಿಗೆ ಹೋಗಿರುತ್ತಾರೆ. ಫೋನ್ ಎತ್ತದಿದ್ದರೆ ನನ್ನ ಉಪಾಯ ಅಂದರೆ ಆಸ್ಪತ್ರೆ ಹತ್ತಿರದ ಆಟೋ ಸ್ಟ್ಯಾಂಡಿನ ಒಬ್ಬರ ನಂಬರ್ ಇಟ್ಟುಕೊಳ್ಳುವುದು. ಡಾಕ್ಟರ ಕಾರು ಬಂದಿದೆಯಾ ಇಲ್ಲವಾ ಅನ್ನುವುದು ನರ್ಸಿಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಸಂತೆ ದಿನ ತಪ್ಪಿಸಿ. ಸೋಮವಾರ ಸೋಮವಾರಪೇಟೆಗೆ, ಶುಕ್ರವಾರ ಮಡಿಕೇರಿಗೆ ಸಂತೆಗೆ ಬಂದವರೆಲ್ಲ ಹಾಗೇ ಆಸ್ಪತ್ರೆಗೂ ಬಂದು ಸಾಲಿನಲ್ಲಿ ನಿಂತಿರುತ್ತಾರೆ.

ಔಷಧಿ ವಿಷಯದಲ್ಲಿ ಸುಮ್ನೆ ಹೊಗಳಲ್ಲ. ಬಿಪಿ, ಶುಗರ್ ಮಾತ್ರೆ ನಮ್ಮ ಪಿಎಚ್‌ಸಿಯಲ್ಲಿ ಹೆಚ್ಚಿನ ತಿಂಗಳು ಸಿಗುತ್ತದೆ, ಅಮ್ಮ ಈಗ ಅಲ್ಲಿಂದಲೇ ತಿನ್ನುವುದು. ಒಂದೊಂದು ಸಲ ಸ್ಟಾಕ್ ಇರಲ್ಲ. ಆಗ ಚೀಟಿಯಲ್ಲಿ ಕಂಪನಿ ಹೆಸರಿನ ಬದಲು ಔಷಧಿಯ ಹೆಸರನ್ನೇ ಬರೆದುಕೊಡಿ ಅಂತ ಡಾಕ್ಟರನ್ನು ಕೇಳಿ ಜನೌಷಧಿ ಅಂಗಡಿಗೆ ಹೋಗಿ. ಮಾತ್ರೆ ಖಾಲಿಯಾಗಲು ಒಂದು ವಾರ ಇರುವಾಗಲೇ ಹೋಗುವುದು ಒಳ್ಳೆಯದು. ಜೂನ್ ಜುಲೈನಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ನಾಲ್ಕು ದಿನ ಆಚೆ ಹೋಗಲು ಆಗದ ಮನೆಗಳು ನಮ್ಮಲ್ಲಿ ಎಷ್ಟಿಲ್ಲ.

ಇನ್ನು, ಆಸ್ಪತ್ರೆಗೆ ಸೇರದೆ ಹೊರರೋಗಿಯಾಗಿ ತೋರಿಸಿಕೊಳ್ಳಲೂ ನಡೆಯುವ ಕಾರ್ಡ್ ಇಲ್ಲವೇ ಇಲ್ಲ ಅಂತಲ್ಲ. ಎರಡಿವೆ, ಮತ್ತು ಕೊಡಗಿನಲ್ಲಿ ಬಹಳ ಮನೆಗಳಿಗೆ ಇದೇ ಮುಖ್ಯ.

ಒಂದು ಇಸಿಎಚ್‌ಎಸ್, ಮಾಜಿ ಸೈನಿಕರ ಯೋಜನೆ. 2003ರಲ್ಲಿ ಶುರುವಾದದ್ದು. ನಮ್ಮಲ್ಲಿ ಮನೆಗೊಬ್ಬರಾದರೂ ಸೈನ್ಯದಲ್ಲಿ ಇದ್ದವರೇ ಅಲ್ವಾ. ಮಡಿಕೇರಿಯಲ್ಲಿ ಇದರ ಪಾಲಿಕ್ಲಿನಿಕ್ ಇದೆ. ಡಾಕ್ಟರ್ ನೋಡುವುದು, ಮಾತ್ರೆ ಕೊಡುವುದು ಎಲ್ಲ ಅಲ್ಲೇ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಅಲ್ಲಿಂದಲೇ ಒಪ್ಪಂದದ ಆಸ್ಪತ್ರೆಗೆ ಬರೆದುಕೊಡುತ್ತಾರೆ. ಗಂಡ ತೀರಿಕೊಂಡ ಮೇಲೆ ತನಗಿದು ಇಲ್ಲ ಅಂದುಕೊಂಡಿದ್ದ ಒಬ್ಬ ಅಜ್ಜಿ ನಮ್ಮೂರಲ್ಲೇ ಇದ್ದರು. ವರ್ಷಗಟ್ಟಲೆ ಕೈಯಿಂದ ದುಡ್ಡು ಕೊಟ್ಟು ಮಾತ್ರೆ ತಿಂದರು. ಕುಟುಂಬ ಪಿಂಚಣಿ ಬರುವ ಹೆಂಡತಿಗೂ ಈ ಸೌಲಭ್ಯ ಇದೆ. ಬೀರುವಿನಲ್ಲಿರುವ ಹಳೆಯ ಡಿಸ್ಚಾರ್ಜ್ ಬುಕ್, ಪಿಂಚಣಿ ಪತ್ರ ಒಮ್ಮೆ ತೆಗೆದು ನೋಡಿ.

ಎರಡನೆಯದು ಇಎಸ್‌ಐ, ಸಂಬಳಕ್ಕೆ ದುಡಿಯುವವರ ವಿಮೆ. ರೆಸಾರ್ಟ್, ಹೋಟೆಲ್, ಅಂಗಡಿಗಳಲ್ಲಿ ಕೆಲಸ ಮಾಡುವ ಮಕ್ಕಳು ಸಂಬಳದ ಚೀಟಿ ಸರಿಯಾಗಿ ಓದುವುದೇ ಇಲ್ಲ. ಸಂಬಳ ತಿಂಗಳಿಗೆ 21,000ದ ಒಳಗಿದ್ದು, ಅದರಲ್ಲಿ 0.75 ಪರ್ಸೆಂಟ್ ಇಎಸ್‌ಐ ಅಂತ ಹಿಡಿದಿದ್ದರೆ ನಿಮಗೂ ಮನೆಯವರಿಗೂ ಡಾಕ್ಟರ್ ಮತ್ತು ಔಷಧಿ ಎರಡೂ ಉಚಿತ. ಯಾವ ಡಿಸ್ಪೆನ್ಸರಿಗೆ ಹೋಗಬೇಕು ಅನ್ನುವುದು ನಿಮ್ಮ ಇಎಸ್‌ಐ ಗುರುತಿನ ಚೀಟಿ, ಅಂದರೆ ಇ-ಪೆಹಚಾನ್ ಕಾರ್ಡಿನಲ್ಲೇ ಬರೆದಿರುತ್ತದೆ. ಮಾಲೀಕರು ದೂರದ ಊರಿನದ್ದು ಹಾಕಿಸಿದ್ದರೆ ಹತ್ತಿರದ್ದಕ್ಕೆ ಬದಲಿಸಿಕೊಡಲು ಹೇಳಿ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಲೆಕ್ಕ ಬೇರೆ. ದೊಡ್ಡ ಎಸ್ಟೇಟುಗಳು ಕಾರ್ಮಿಕರಿಗೆ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ ಕಾಲದಿಂದಲೂ ಇದೆ. ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ, ಸಂಕೋಚ ಬೇಡ.

ಯಶಸ್ವಿನಿ ಮಾಡಿಸಿದವರು ಇದರ ಜೊತೆ ಅದನ್ನು ಕಲಸಿಕೊಳ್ಳಬೇಡಿ. ಅದು ಸಹಕಾರ ಸಂಘದ ಸದಸ್ಯರಿಗೆ, ಮುಖ್ಯವಾಗಿ ಆಪರೇಷನ್ನಿಗೆ.

ಸರಿ, ಪಿಎಚ್‌ಸಿಯ ಡಾಕ್ಟರು "ಇದಕ್ಕೆ ದೊಡ್ಡ ಆಸ್ಪತ್ರೆಗೇ ಹೋಗಬೇಕು" ಅಂದರು ಅನ್ನಿ. ಕಾರ್ಡ್ ಕೆಲಸಕ್ಕೆ ಬರುವುದು ಈಗ. ಆದರೆ ನೇರವಾಗಿ ಮೈಸೂರಿಗೋ ಮಂಗಳೂರಿಗೋ ಕಾರು ಬಿಟ್ಟುಕೊಂಡು ಹೋಗಿ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡ್ ಕೊಟ್ಟರೆ ಆಗಲ್ಲ. ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್, ಅಂದರೆ ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ ಬೇಕು. ಆ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲೇ ಇದ್ದರೆ ಅಲ್ಲೇ ಮಾಡುತ್ತಾರೆ, ಇಲ್ಲದಿದ್ದರೆ ಹೊರಗೆ ಬರೆದುಕೊಡುತ್ತಾರೆ. ನಮ್ಮ ಮಾವ ಇಲ್ಲೇ ಎಡವಿದ್ದು. ಪಿತ್ತಕೋಶದ ಕಲ್ಲಿಗೆ ಸೀದಾ ಒಂದು ಖಾಸಗಿ ಆಸ್ಪತ್ರೆಗೆ ಸೇರಿದರು, ರೆಫರಲ್ ಇಲ್ಲ ಅಂತ ಪೂರ್ತಿ ಬಿಲ್ ಕಟ್ಟಿದರು. ರೆಫರಲ್ ತಂದಿದ್ದರೂ ಅವರಿಗೆ ಪೂರ್ತಿ ಸಿಗುತ್ತಿರಲಿಲ್ಲ, ಯಾಕೆಂದರೆ ಅವರದ್ದು ಎಪಿಎಲ್. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಯೋಜನೆಯಲ್ಲಿ ಗೊತ್ತು ಮಾಡಿದ ದರದ 30 ಪರ್ಸೆಂಟ್ ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಅಂದರೆ ಪ್ಯಾಕೇಜ್ 20,000 ಅಂತಿದ್ದರೆ ಸರ್ಕಾರದ್ದು 6,000, ಉಳಿದದ್ದು ನಿಮ್ಮ ಜೇಬಿನಿಂದ. ಇದನ್ನು ಮೊದಲೇ ತಿಳಿದುಕೊಂಡರೆ ಕಾಫಿ ಮಾರಿದ ದುಡ್ಡಿನಲ್ಲಿ ಎಷ್ಟು ಎತ್ತಿಡಬೇಕು ಅಂತ ಲೆಕ್ಕ ಹಾಕಬಹುದು.

ರೆಫರಲ್ ಇಲ್ಲದೆಯೂ ನಡೆಯುವುದು ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿರುವುದು. ಹೃದಯಾಘಾತ, ದೊಡ್ಡ ಅಪಘಾತ ಥರದ್ದು. ಆಗ ಕಾಗದ ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ ಹೊರಡಿ. ಕಾರ್ಡನ್ನು ಮನೆಯವರು ಹಿಂದಿನಿಂದ ತಂದುಕೊಡಲಿ.

ಯಾವ ಆಸ್ಪತ್ರೆ ಒಪ್ಪಂದದಲ್ಲಿದೆ ಅಂತ ನೋಡಲು ಆಯುಷ್ಮಾನ್ ಭಾರತ್ ಯೋಜನೆಯ, ಅಂದರೆ ಪಿಎಂ-ಜೆಎವೈ ವೆಬ್‌ಸೈಟಿನಲ್ಲಿ ಆಸ್ಪತ್ರೆ ಹುಡುಕುವ ಪುಟ ಇದೆ. ರಾಜ್ಯ, ಜಿಲ್ಲೆ, ವಿಭಾಗ ಆರಿಸಿದರೆ ಪಟ್ಟಿ ಬರುತ್ತದೆ. ಕೊಡಗು ಹಾಕಿದರೆ ಪಟ್ಟಿ ಚಿಕ್ಕದು, ಅದಕ್ಕೆ ಮೈಸೂರು ಮತ್ತು ದಕ್ಷಿಣ ಕನ್ನಡ ಎರಡನ್ನೂ ಹಾಕಿ ನೋಡಿ. ಪಟ್ಟಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಹೊರಡಬೇಡಿ. ಒಂದೇ ಆಸ್ಪತ್ರೆ ಮೂಳೆಗೆ ಒಪ್ಪಂದ ಮಾಡಿಕೊಂಡಿರುತ್ತದೆ, ಕಣ್ಣಿಗೆ ಮಾಡಿಕೊಂಡಿರಲ್ಲ. ಫೋನ್ ಮಾಡಿ "ಆರೋಗ್ಯಮಿತ್ರ ಇದ್ದಾರಾ" ಅಂತಲೇ ಕೇಳಿ, ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವವರು ಅವರು, ರಿಸೆಪ್ಷನ್ನಿನವರ ಮಾತು ಸಾಕಾಗಲ್ಲ. ಕಾಯಿಲೆ ಹೆಸರು ಹೇಳಿ, ಇದು ಯೋಜನೆಯಲ್ಲಿ ಆಗುತ್ತಾ, ರೆಫರಲ್ ಎಲ್ಲಿಂದ ತರಬೇಕು ಅಂತ ಕೇಳಿ, ಅವರ ಹೆಸರನ್ನು ಬರೆದಿಟ್ಟುಕೊಳ್ಳಿ. ಹೆಸರು ಕೇಳಿದ ಕೂಡಲೇ ಉತ್ತರ ಸ್ವಲ್ಪ ಸರಿಯಾಗಿ ಬರುತ್ತದೆ, ಇದು ನನ್ನ ಅನುಭವ.

ಕಾರ್ಡ್ ಇನ್ನೂ ಮಾಡಿಸಿಲ್ಲದಿದ್ದರೆ ಆರೋಗ್ಯ ಚೆನ್ನಾಗಿರುವಾಗಲೇ ಮಾಡಿಸಿ. ರೇಷನ್ ಕಾರ್ಡ್, ಆಧಾರ್, ಫೋನ್ ಹಿಡಿದು ಗ್ರಾಮ ಒನ್‌ಗೆ ಹೋದರೆ ಆಯಿತು. ಆದರೆ ಕೊಯ್ಲಿನ ಸಮಯದಲ್ಲಿ ಹೋಗಬೇಡಿ. ಜನವರಿಯಲ್ಲಿ ನಮ್ಮ ತೋಟಕ್ಕೆ ಬರುವ ಅಕ್ಕನನ್ನು ಕರೆದುಕೊಂಡು ಹೋಗಿದ್ದೆ. ದಿನವಿಡೀ ಕಾಫಿ ಹಣ್ಣು ಕಿತ್ತು ಕಿತ್ತು ಬೆರಳ ತುದಿ ಕಪ್ಪಾಗಿ ಸವೆದು ಹೋಗಿತ್ತು. ಹೆಬ್ಬೆಟ್ಟು ಇಟ್ಟರು, ಕೆಂಪು ದೀಪ. ಸೀರೆ ಸೆರಗಿಗೆ ಒರೆಸಿ ಮತ್ತೆ ಇಟ್ಟರು, ಮತ್ತೆ ಕೆಂಪು. ತೆಂಗಿನೆಣ್ಣೆ ಹಚ್ಚಿ ಅಂದ ಹುಡುಗ, ಹಚ್ಚಿದರೂ ಇಲ್ಲ. ಹತ್ತು ಬೆರಳೂ ಮುಗಿದ ಮೇಲೆ ಆಧಾರಿಗೆ ಸೇರಿಸಿದ್ದ ಫೋನಿಗೆ ಓಟಿಪಿ ತರಿಸಿ ಕೆಲಸ ಮುಗಿಸಿದೆವು. ಆ ಫೋನು ಮಗನ ಹತ್ತಿರ, ಮಗ ಕುಶಾಲನಗರದಲ್ಲಿ, ಅವನು ಎತ್ತುವವರೆಗೆ ಒಂದು ಗಂಟೆ ಕಾದೆವು. ಹಾಗಾಗಿ ಆಧಾರಿನಲ್ಲಿರುವ ನಂಬರ್ ಯಾರ ಕೈಯಲ್ಲಿದೆ ಅಂತ ಮೊದಲೇ ನೋಡಿಕೊಳ್ಳಿ. ಮುಖ ತೋರಿಸಿ ಮಾಡುವ ದಾರಿಯೂ ಆಯುಷ್ಮಾನ್ ಆ್ಯಪಿನಲ್ಲಿದೆ, ಬೆರಳು ಸವೆದವರಿಗೆ ಅದೇ ವಾಸಿ.

ಅಲ್ಲಿ ಇನ್ನೊಂದು ಮೋಸ ಹೋಗುವ ಜಾಗ ಇದೆ, ಆಭಾ. ಅದರಲ್ಲಿ 14 ಅಂಕಿ ಇರುತ್ತದೆ, ಅದು ನಿಮ್ಮ ಆರೋಗ್ಯದ ದಾಖಲೆ ಇಡುವ ನಂಬರ್ ಅಷ್ಟೇ. ಅದರಿಂದ ಬಿಲ್ ಕಟ್ಟಲು ಆಗಲ್ಲ. ಎಷ್ಟೋ ಜನ ಆಭಾ ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿಕೊಂಡು ಅದೇ 5 ಲಕ್ಷದ ಕಾರ್ಡ್ ಅಂದುಕೊಂಡಿದ್ದಾರೆ.

ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರು ನಿಮ್ಮಲ್ಲಿದ್ದರೆ ಅವರಿಗೂ ಹೇಳಿ. ಅವರ ಹತ್ತಿರ ಊರಿನ ಪಿಎಂ-ಜೆಎವೈ ಕಾರ್ಡ್ ಇದ್ದರೆ ಇಲ್ಲಿನ ಒಪ್ಪಂದದ ಆಸ್ಪತ್ರೆಯಲ್ಲೂ ನಡೆಯುತ್ತದೆ. ಪಿಎಚ್‌ಸಿಗಂತೂ ಹೇಗೂ ಕಾರ್ಡು ಬೇಡ.

ಹಾವು ಕಚ್ಚಿದರೆ ಮಾತ್ರ ಈ ಮೇಲಿನ ಯಾವ ಕ್ರಮವೂ ಬೇಡ. ಸಣ್ಣ ಕ್ಲಿನಿಕ್ಕು, ನಾಟಿ ಔಷಧಿ ಅಂತ ಹೊತ್ತು ಕಳೆಯದೆ ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೇ ಹೋಗಬೇಕು. ನಿಮಗೆ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಸ್ಟಾಕ್ ಇರುತ್ತದೆ ಅಂತ ಮಳೆಗಾಲಕ್ಕೆ ಮೊದಲೇ ಕೇಳಿಟ್ಟುಕೊಳ್ಳಿ.

ಬರೆದಿಟ್ಟುಕೊಳ್ಳಬೇಕಾದ ನಂಬರ್‌ಗಳು: ಆಂಬ್ಯುಲೆನ್ಸಿಗೆ 108, ಆರೋಗ್ಯದ ಮಾಹಿತಿಗೆ 104, ಆಯುಷ್ಮಾನ್ ಕಾರ್ಡಿನ ವಿಷಯಕ್ಕೆ 14555 ಅಥವಾ 1800 425 8330. ಕಾರ್ಡ್ ಇದ್ದೂ ದುಡ್ಡು ಕೇಳಿದರೆ ದೂರು ಕೊಡುವುದಕ್ಕೂ ಇದೇ. ಇವನ್ನು ಫೋನಿನಲ್ಲಿ ಮಾತ್ರ ಸೇವ್ ಮಾಡಬೇಡಿ. ಕರೆಂಟು ಹೋಗಿ ಮೂರನೇ ದಿನಕ್ಕೆ ಫೋನು ಸತ್ತಿರುತ್ತದೆ, ಪಕ್ಕದ ಮನೆಯವರ ಫೋನಿನಿಂದ ಮಾಡಬೇಕಾಗುತ್ತದೆ. ನಾನು ಒಂದು ಹಾಳೆಯಲ್ಲಿ ದಪ್ಪಗೆ ಬರೆದು, ಆಶಾ ಅಕ್ಕನ ನಂಬರನ್ನೂ ಆಟೋದವರ ನಂಬರನ್ನೂ ಸೇರಿಸಿ, ಅಡಿಗೆಮನೆ ಬಾಗಿಲ ಹಿಂದೆ ಅಂಟಿಸಿದ್ದೇನೆ. ಅಮ್ಮನಿಗೆ ಕನ್ನಡಕ ಇಲ್ಲದೆಯೂ ಓದಲು ಬರುವಷ್ಟು ದೊಡ್ಡದಾಗಿ.