ಗದ್ದೆ ಕೊಳ್ಳದೆ ತೆತೆಬಾತುವಿನಲ್ಲಿ ಹಣ ಹಾಕಿದ ಬಗೆ

ಇಂಡೋನೇಷ್ಯಾದ ಲೊಂಬೊಕ್ ದ್ವೀಪದಲ್ಲಿ, ರಿಂಜಾನಿ ಪರ್ವತದ ದಕ್ಷಿಣ ತಪ್ಪಲಿನಲ್ಲಿ ತೆತೆಬಾತು ಎಂಬ ಊರಿದೆ. ಸಾಸಕ್ ಜನರ ಊರು, ಬೇಸಾಯವೇ ಬದುಕು. ಗದ್ದೆಯಲ್ಲಿ ಭತ್ತ, ಅದರ ಹಿಂದೆ ಹೊಗೆಸೊಪ್ಪು ಇಲ್ಲವೇ ಮೆಣಸಿನಕಾಯಿ, ಹಿತ್ತಲಲ್ಲಿ ಕಾಫಿ, ಕೋಕೋ, ವೆನಿಲ್ಲಾ. ಮೂಡಿಗೆರೆ ಕಡೆ ಹೋಮ್‌ಸ್ಟೇ ನಡೆಸುವ ನಾನು ಕೆಲವು ವರ್ಷಗಳಿಂದ ನಮ್ಮ ಕಡೆಯ ಕುಟುಂಬಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಹೋಗಿ ಬಂದವರಲ್ಲಿ ಒಬ್ಬರಾದರೂ ಆಮೇಲೆ ಫೋನ್ ಮಾಡಿ ಕೇಳುತ್ತಾರೆ: "ಅಲ್ಲೊಂದು ಅರ್ಧ ಎಕರೆ ತಗೊಂಡು ಎರಡು ಕಾಟೇಜ್ ಹಾಕಿದ್ರೆ ಹ್ಯಾಗಕ್ಕಾ?"

ಕೇಳುವುದು ಸಹಜ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದಮೇಲೆ ನಮ್ಮಲ್ಲಿ ಬೇಸಾಯಗಾರರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಚಂದದ ಜಾಗ ಕಂಡರೆ ಪಹಣಿ ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ತೆತೆಬಾತುವಿನಲ್ಲಿ ಅದು ಆಗುವುದಿಲ್ಲ. ಆಗದಿರುವುದೇ ಆ ಊರಿನ ಪುಣ್ಯ ಎಂದು ನಾನು ನಂಬಿದ್ದೇನೆ.

ಇಂಡೋನೇಷ್ಯಾದ 1960ರ ಭೂ ಕಾಯ್ದೆಯ ಪ್ರಕಾರ ಜಮೀನಿನ ಪೂರ್ಣ ಒಡೆತನ ಅಲ್ಲಿನ ಪ್ರಜೆಗಳಿಗೆ ಮಾತ್ರ. ವಿದೇಶಿಯರಿಗೆ ಗೇಣಿ ಉಂಟು, ಬಳಕೆಯ ಹಕ್ಕು ಉಂಟು. ವಿದೇಶಿ ಬಂಡವಾಳದ ಕಂಪನಿ ಮಾಡಿದರೆ ನಿಗದಿತ ಅವಧಿಗೆ ಕಟ್ಟಡ ಕಟ್ಟುವ ಹಕ್ಕೂ ಸಿಗುತ್ತದೆ. ಆದರೆ ಅಂಥ ಕಂಪನಿಯ ಹೂಡಿಕೆ, ಜಮೀನು ಮತ್ತು ಕಟ್ಟಡದ ಬೆಲೆ ಬಿಟ್ಟು, 1,000 ಕೋಟಿ ರುಪಿಯಾ ದಾಟಬೇಕು. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮೇಲೆ. "ಊರಿನವನೊಬ್ಬನ ಹೆಸರಲ್ಲಿ ಪತ್ರ ಮಾಡಿಸೋಣ, ಹಣ ನೀವು ಹಾಕಿ" ಎನ್ನುವ ದಲ್ಲಾಳಿಗಳು ಎಲ್ಲ ಕಡೆ ಸಿಗುತ್ತಾರೆ. ಆ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ, ಅದೇ ಕಾಯ್ದೆಯ 26ನೇ ವಿಧಿ ಅದನ್ನು ರದ್ದು ಎನ್ನುತ್ತದೆ. ಇದರ ಮೇಲೆ, ಆಹಾರ ಬೆಳೆಯುವ ಜಮೀನನ್ನು ಕಾಪಾಡಲು 2009ರಲ್ಲಿ ಬೇರೆಯೇ ಕಾನೂನು ಬಂದಿದೆ. ಆ ಪಟ್ಟಿಗೆ ಸೇರಿದ ಗದ್ದೆಯಲ್ಲಿ ಕಾಟೇಜ್ ಏಳಿಸುವಂತಿಲ್ಲ.

ಕಾನೂನು ಹಾಗಿರಲಿ, ನನ್ನ ಕಾರಣ ಬೇರೆ. ದ್ವೀಪದ ದಕ್ಷಿಣ ಕರಾವಳಿಯ ಮಂಡಾಲಿಕಾದಲ್ಲಿ 2021ರಲ್ಲಿ ರೇಸ್ ಟ್ರ್ಯಾಕ್ ತೆರೆಯಿತು, 2022ರಿಂದ ಮೋಟೋಜಿಪಿ ಬೈಕ್ ರೇಸ್ ನಡೆಯುತ್ತಿದೆ. ಅಲ್ಲಿ ಸಮುದ್ರ ಇದೆ, ಜನ ಹೇಗೂ ಬರುತ್ತಾರೆ. ತೆತೆಬಾತುವಿಗೆ ಬರುವವರು ಬರುವುದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳಿಗೆ, ಅಂಚಿನ ಮೇಲೆ ನಡೆದು ಜೆರುಕ್ ಮಾನಿಸ್ ಜಲಪಾತದ ಕಾಡಿಗೆ ಹೋಗುವುದಕ್ಕೆ, ಅಲ್ಲಿನ ಕಪ್ಪು ಕೋತಿಗಳಿಗೆ. ಆ ಗದ್ದೆಗೆ ನೀರು ಬರುವುದು ರಿಂಜಾನಿಯ ಕಾಡಿನಿಂದ, ಕಾಲುವೆಯಲ್ಲಿ, ಒಬ್ಬರ ಗದ್ದೆ ತುಂಬಿ ಇನ್ನೊಬ್ಬರ ಗದ್ದೆಗೆ. ಮೇಲಿನ ಗದ್ದೆಯವನು ಈಜುಕೊಳ ಕಟ್ಟಿಸಿದರೆ ಕೆಳಗಿನವನ ನಾಟಿ ತಡವಾಗುತ್ತದೆ. ಅವನೂ ಮಾರುತ್ತಾನೆ. ಕಡೆಗೆ ಕಾಟೇಜಿನ ಕಿಟಕಿಯಿಂದ ಕಾಣುವುದು ಇನ್ನೊಂದು ಕಾಟೇಜು.

ಆದ್ದರಿಂದ ಹಣವನ್ನು ಹೀಗೆ ಹಾಕಿದೆ: ನಮ್ಮ ಗುಂಪು ಉಳಿಯುವ ಊರಿನ ಮನೆಗಳಿಗೆ ಮುಂದಿನ ಸೀಸನ್ನಿನ ಕೋಣೆ ಬಾಡಿಗೆಯನ್ನು ಮೊದಲೇ ಕೊಟ್ಟುಬಿಟ್ಟೆ.

ಜನವರಿಯಿಂದ ಮಾರ್ಚ್‌ವರೆಗೆ ಅಲ್ಲಿ ಮಳೆಗಾಲ, ರಿಂಜಾನಿ ಚಾರಣವೂ ಬಂದ್. ಪ್ರವಾಸಿಗರಿಲ್ಲ, ಗೊಬ್ಬರ ಆಳು ಎಂದು ಖರ್ಚು ಮಾತ್ರ ಇರುತ್ತದೆ. ಆ ಹೊತ್ತಿಗೆ ಕೈಗೆ ಬರುವ ಹಣಕ್ಕೆ ಇರುವ ಬೆಲೆ ಬೇರೆಯೇ. ಪ್ರತಿ ಮನೆಯ ಜೊತೆಗೂ ದರ ಮಾತಾಡಿ, ಊರಿನ ಹಿರಿಯರೊಬ್ಬರ ಎದುರು ನೋಟ್‌ಬುಕ್ಕಿನಲ್ಲಿ ಇಂಡೋನೇಷ್ಯನ್ ಭಾಷೆಯಲ್ಲೇ ಬರೆಸಿ, ಎರಡೂ ಕಡೆಯವರು ಸಹಿ ಹಾಕಿದೆವು. ನಮ್ಮ ಗುಂಪು ಬಂದಾಗಲೆಲ್ಲ ಅದರಲ್ಲಿ ಮುರಿದುಕೊಳ್ಳುವುದು. ಬಡ್ಡಿಯಿಲ್ಲ, ಅಡಮಾನವಿಲ್ಲ. ನನಗೆ ಲಾಭ ಎಲ್ಲಿ ಎಂದರೆ, ಜುಲೈ-ಆಗಸ್ಟ್‌ನಲ್ಲಿ ಯುರೋಪಿನವರು ಬಂದು ಕೋಣೆಗಳು ತುಂಬುವಾಗ ನನ್ನ ಕೋಣೆ ಮಾತಾಡಿದ ದರಕ್ಕೆ ನನ್ನದೇ. ನನ್ನ ದುಡಿಮೆ ಬೆಂಗಳೂರಿನಲ್ಲಿ ಹೊರಡುವ ಗುಂಪಿನ ಶುಲ್ಕದಲ್ಲಿದೆ.

ಆ ಮುಂಗಡದಲ್ಲಿ ಒಂದು ಮನೆಯವರು ಬಚ್ಚಲು ಸರಿಮಾಡಿಸಿದರು, ಇನ್ನೊಬ್ಬರು ಹಾಸಿಗೆ ಬದಲಿಸಿದರು. ಒಬ್ಬರು ಕಾಂಕ್ರೀಟ್ ಮಹಡಿ ಹಾಕಿಸುವ ಮಾತಾಡಿದಾಗ ಮಾತ್ರ ನಾನು ಬಾಯಿ ಹಾಕಿದೆ. 2018ರ ಜುಲೈ-ಆಗಸ್ಟ್‌ನಲ್ಲಿ ಲೊಂಬೊಕ್ ಸಾಲು ಭೂಕಂಪಗಳಲ್ಲಿ ನಡುಗಿತು. ಆಗಸ್ಟ್ 5ರ ಕಂಪನದಲ್ಲೇ 500ಕ್ಕೂ ಹೆಚ್ಚು ಜನ ಹೋದರು. ಬಿದ್ದು ಕೊಂದದ್ದು ಬಹುಪಾಲು ಇಟ್ಟಿಗೆ ಗೋಡೆಗಳು, ಬಿದಿರು-ಮರದ ಹಗುರ ಮನೆಗಳಲ್ಲ. ಹತ್ತಿರದ ಲೊಯೊಕ್‌ನಲ್ಲಿ ತಲೆತಲಾಂತರದಿಂದ ಬಿದಿರು ಕೆಲಸ ಮಾಡುವವರಿದ್ದಾರೆ. ಕೋಣೆ ಅವರ ಕೈಯಲ್ಲಿ ಆಗಲಿ ಎಂದೆ. ಆಯಿತು.

ಅಡುಗೆಮನೆಯ ಕೆಲಸಕ್ಕೆ ಹೆಚ್ಚು ಹೊತ್ತು ಹಿಡಿಯಿತು. ನಮ್ಮ ಗುಂಪುಗಳಲ್ಲಿ ಅರ್ಧಕ್ಕರ್ಧ ಸಸ್ಯಾಹಾರಿಗಳು. ಸಾಸಕ್ ಅಡುಗೆಯ ಜೀವ ಇರುವುದು ಮೆಣಸಿನಕಾಯಿ ಅರೆದ ಸಂಬಲ್‌ನಲ್ಲಿ, ಸಂಬಲ್‌ನ ಜೀವ ತೆರಾಸಿಯಲ್ಲಿ. ತೆರಾಸಿ ಎಂದರೆ ಹುದುಗಿಸಿ ಒಣಗಿಸಿದ ಸಿಗಡಿ. ಸೊಪ್ಪಿನ ಪಲ್ಯ ಎಂದುಕೊಂಡು ತಿನ್ನುವ ಪ್ಲೆಚಿಂಗ್ ಕಾಂಗ್ಕುಂಗ್‌ನಲ್ಲೂ ಅದು ಇರುತ್ತದೆ. "ಮಾಂಸ ಬೇಡ" ಎಂದಷ್ಟೇ ಹೇಳಿದರೆ ಸಾಲದು, "ತನ್ಪಾ ತೆರಾಸಿ", ಅಂದರೆ ತೆರಾಸಿ ಇಲ್ಲದೆ, ಎಂದು ಬಿಡಿಸಿ ಹೇಳಬೇಕು. ಅರೆಯುವ ಕಲ್ಲಿಗೂ ಅದರ ವಾಸನೆ ಹತ್ತಿರುತ್ತದೆ. ಹಾಗಾಗಿ ಮನೆಗೊಂದು ಹೊಸ ಕಲ್ಲು ಕೊಂಡೆವು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಫಲ ಕೊಟ್ಟ ಹೂಡಿಕೆ ಮತ್ತೊಂದಿಲ್ಲ.

ಆಮೇಲೆ ಏನು ಬಡಿಸುವುದು ಎಂಬ ಚಿಂತೆಯೇ ಉಳಿಯಲಿಲ್ಲ. ಅಲ್ಲಿ ಮದುವೆ ಮನೆಗಳಲ್ಲಿ ಆರೆಸ್ ಮಾಡುತ್ತಾರೆ, ತೆಂಗಿನಹಾಲಿನಲ್ಲಿ ಬೇಯಿಸಿದ ಬಾಳೆದಿಂಡು. ಮನೆಯ ಇನಾಕ್ (ಸಾಸಕ್ ಮಾತಿನಲ್ಲಿ ತಾಯಿ) ದಿಂಡನ್ನು ಬಿಲ್ಲೆ ಬಿಲ್ಲೆ ಹೆಚ್ಚುತ್ತಾ, ಪ್ರತಿ ಬಿಲ್ಲೆಯ ನಾರನ್ನು ತೋರುಬೆರಳಿಗೆ ಸುತ್ತಿ ತೆಗೆಯುತ್ತಾ, ಉಪ್ಪು ಹಾಕಿ ಹಿಸುಕಿ ನೀರು ಹಿಂಡುವಾಗ ನಮ್ಮ ಗುಂಪಿನ ಶಿವಮೊಗ್ಗದ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತು ತಾವೂ ಶುರುಮಾಡಿದರು. ಒಬ್ಬರ ಮಾತು ಇನ್ನೊಬ್ಬರಿಗೆ ಗೊತ್ತಿಲ್ಲ. ಅಜ್ಜಿಯ ಬೆರಳು ನೋಡಿದ ಇನಾಕ್, ತಮ್ಮ ಮುಂದಿದ್ದ ದಿಂಡೆಲ್ಲ ಅವರ ಕಡೆ ತಳ್ಳಿ ತಾವು ತೆಂಗಿನಕಾಯಿ ತುರಿಯಲು ಎದ್ದರು. ಮಧ್ಯಾಹ್ನ ಕಾಫಿ ಬೀಜದ ಜೊತೆ ಒಂದು ಹಿಡಿ ಅಕ್ಕಿ ಹಾಕಿ ಮಣ್ಣಿನ ಬಾಣಲೆಯಲ್ಲಿ ಸೌದೆ ಉರಿಯ ಮೇಲೆ ಹುರಿದರು. ಕಾಫಿ ಸೀಮೆಯಿಂದ ಹೋದ ನನಗೆ ಅದು ಹೊಸತು. ಅಕ್ಕಿ ಕರಿಗಟ್ಟುವ ಹೊತ್ತಿಗೆ ಬರುವ ಘಮ ನಮ್ಮ ಹುರಿಯಲ್ಲಿಲ್ಲ.

ಇದೆಲ್ಲ ನಡೆಯುವುದು ಬೆರುಗಾಕ್‌ನಲ್ಲಿ: ನಾಲ್ಕು ಅಥವಾ ಆರು ಕಂಬದ, ಗೋಡೆಯಿಲ್ಲದ, ಸೂರು ಹೊದಿಸಿದ ಕಟ್ಟೆ. ಮನೆಯಾತ ಅಮಾಕ್ (ತಂದೆ) ಗದ್ದೆಯಿಂದ ಬಂದು ಕೂರುವುದೂ ಅಲ್ಲೇ, ಅತಿಥಿಗಳಿಗೆ ಊಟ ಹಾಕುವುದೂ ಅಲ್ಲೇ.

ಊರು ಮುಸ್ಲಿಮರದು. ಬೆಳಗಿನ ಆಜಾನ್‌ಗೆ ಎಚ್ಚರವಾಗುತ್ತದೆ, ಮೈತುಂಬ ಬಟ್ಟೆ ಇರಬೇಕು, ಮದ್ಯ ಕೇಳಬಾರದು, ರಂಜಾನ್ ತಿಂಗಳಲ್ಲಿ ಹಗಲು ಬೀದಿಯಲ್ಲಿ ತಿನ್ನಬಾರದು. ಹೊರಡುವ ಮೊದಲೇ ಇಷ್ಟನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಒಪ್ಪದವರನ್ನು ಕರೆದೊಯ್ಯುವುದಿಲ್ಲ.

ಬೆಂಗಳೂರಿನಿಂದ ಬಾಲಿಗೆ 2024ರಿಂದ ನೇರ ವಿಮಾನ ಇದೆ. ಅಲ್ಲಿಂದ ಲೊಂಬೊಕ್‌ಗೆ ಇನ್ನೊಂದು ಸಣ್ಣ ಹಾರಾಟ, ಮತ್ತೆ ರಸ್ತೆಯಲ್ಲಿ ಒಂದೂವರೆ ಗಂಟೆ. ವೀಸಾ ಇಳಿದ ಮೇಲೆಯೇ ಸಿಗುತ್ತದೆ, ಮೂವತ್ತು ದಿನಕ್ಕೆ 5 ಲಕ್ಷ ರುಪಿಯಾ.

ಊರಿನ ಮುಂದಿನ ದಿನಗಳ ಬಗ್ಗೆ ನನಗೆ ಭರವಸೆಯೂ ಇದೆ, ಆತಂಕವೂ ಇದೆ. ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆಯ ಅತ್ಯುತ್ತಮ ಹಳ್ಳಿಗಳ ಸ್ಪರ್ಧೆಗೆ 2021ರಲ್ಲಿ ಇಂಡೋನೇಷ್ಯಾ ಕಳಿಸಿದ ಹೆಸರುಗಳಲ್ಲಿ ತೆತೆಬಾತುವೂ ಇತ್ತು. ಪಟ್ಟ ಸಿಕ್ಕಿದ್ದು ಜಾವಾದ ಹಳ್ಳಿಯೊಂದಕ್ಕೆ, ಆದರೂ ಊರಿನ ಹೆಸರು ಹೊರಗೆ ಗೊತ್ತಾಯಿತು. ಆತಂಕ ಹುಡುಗರದ್ದು. ಲೊಂಬೊಕ್‌ನ ಗಂಡಸರು ಮಲೇಷ್ಯಾದ ತಾಳೆ ತೋಟಗಳಿಗೆ ದುಡಿಯಲು ಹೋಗುವುದು ಹೊಸತಲ್ಲ. ಗದ್ದೆ ನಡೆಸಿಕೊಂಡೇ ಗೈಡ್ ಆಗಿ, ಅಡುಗೆಗೆ ನಿಂತು, ಕೋಣೆ ಕೊಟ್ಟು ಹೊಟ್ಟೆ ತುಂಬುವುದಾದರೆ ಉಳಿಯುತ್ತಾರೆ. ಇಲ್ಲವಾದರೆ ಹೋಗುತ್ತಾರೆ, ಗದ್ದೆ ಮಾರಾಟಕ್ಕೆ ಬರುತ್ತದೆ. ಅದಕ್ಕೇ ಗುಂಪಿನ ಜೊತೆ ನಡೆಯುವ ಹುಡುಗರಿಗೆ ಕೂಲಿಯನ್ನು ನಾವು ನೇರ ಕೈಗೇ ಕೊಡುತ್ತೇವೆ, ಮಧ್ಯೆ ಯಾರೂ ಇಲ್ಲ.

ಈಗ ಬೇರೆಯವರೂ ಮುಂಗಡಕ್ಕೆ ಸೇರುತ್ತೇವೆ ಎನ್ನುತ್ತಿದ್ದಾರೆ. ಸಂತೋಷ. ನನ್ನದು ಒಂದೇ ಷರತ್ತು: ಜುಲೈ ಬೇಡ, ಜನವರಿಯ ಮಳೆಯಲ್ಲಿ ಒಂದು ವಾರ ಅಲ್ಲಿ ಇದ್ದು, ಯಾವ ಮನೆಗೆ ಏನು ಬೇಕು ಎಂದು ಆ ಮನೆಯವರ ಬಾಯಲ್ಲೇ ಕೇಳಿ, ಆಮೇಲೆ ಹಣ ಕೊಡಿ.